ಎಡಗೈಯ ಸಹಿ

ಮುದ್ದೇಬಿಹಾಳ
18 ಜನವರಿ 1974

ಮಗಳು ಚನ್ನವ್ವನಿಗೆ, ಸ್ಟಾಂಪ ವೆಂಡರ್ ಶಹಾಬುದ್ದೀನ ಕಾಕಾನ ಆಶೀರ್ವಾದ.

ನಾನು ಸ್ಟಾಂಪು ಕಾಗದ ಮಾರುವವನು, ಬರೆಯುವವನಲ್ಲ. ರಜಿಸ್ಟ್ರಾರ ಕಚೇರಿಯ ಮುಂದಿನ ಬೇವಿನ ಗಿಡದ ಕೆಳಗೆ ಇಪ್ಪತ್ತೆಂಟು ವರ್ಷ ನಿನ್ನ ಅಪ್ಪನ ಪಕ್ಕದಲ್ಲೇ ಕುಳಿತಿದ್ದರೂ, ಬರೆಯುವುದನ್ನೆಲ್ಲ ಅವರಿಗೆ, ಬಾಂಡ್ ರೈಟರ್ ಮಡಿವಾಳಪ್ಪನವರಿಗೆ, ಬಿಟ್ಟಿದ್ದೆ. ಇವತ್ತು ನಿನ್ನ ಅವ್ವ ಹೊನ್ನವ್ವಕ್ಕ ಹೇಳಿದ್ದಕ್ಕೆ ಬರೆಯುತ್ತಿದ್ದೇನೆ. ತಪ್ಪಿದ್ದರೆ, ಮಕ್ಕಳಿಗೆ ಕಲಿಸುವ ಸಾಲಿ ಅಕ್ಕೋರಾದ ನೀನೇ ತಿದ್ದಿಕೊ.

ಡಿಸೆಂಬರ್ 27ರಂದು ಮಧ್ಯಾಹ್ನದ ಒಳಗೆ ನಿನ್ನ ಅಪ್ಪ ಒಬ್ಬರ ಖರೇದಿ ಪತ್ರ ಬರೆಯುತ್ತಿದ್ದರು. ಇದ್ದಕ್ಕಿದ್ದಂತೆ ಲೇಖನಿ ಕೈಯಿಂದ ಜಾರಿತು. 'ಎತ್ತಿಕೊಳ್ರಿ' ಅಂದೆ. ನನ್ನ ಕಡೆ ನೋಡಿದರು, ಬಾಯಿ ಸೊಟ್ಟಗಿತ್ತು. ಹಾಗೆಯೇ ಪಕ್ಕಕ್ಕೆ ವಾಲಿದರು. ಲಕ್ವಾ ಹೊಡೆದಿತ್ತು. ನಿನ್ನ ಚಿಕ್ಕಪ್ಪನ ಮಗ ಶ್ರೀಶೈಲಪ್ಪ ಪೇಟೆಯಿಂದ ಓಡಿ ಬಂದು, ಬಂಡಿಗೆ ಕಾಯದೆ, ಬೆನ್ನ ಮೇಲೆ ಹೊತ್ತುಕೊಂಡು ದವಾಖಾನೆಗೆ ಒಯ್ದ. ಜೀವಕ್ಕೆ ಭಯವಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಬಲಗೈ, ಬಲಗಾಲು ಬಿದ್ದಿವೆ. ನಾಲಿಗೆ ತೊದಲುತ್ತದೆ. ಒಂದು ಮಾತು ತಿಳಿಯಬೇಕಾದರೆ ನಾಲ್ಕು ಸಲ ಕೇಳಬೇಕು. ನಾಲ್ಕನೆಯ ಸಲಕ್ಕೆ ಅವರೇ ಸಿಟ್ಟಾಗಿ ಸುಮ್ಮನಾಗುತ್ತಾರೆ.

ನಿನಗೆ ತಿಳಿಸಬೇಡ ಎಂದು ತಲೆ ಅಲ್ಲಾಡಿಸಿದರು. ನಿಮ್ಮಿಬ್ಬರ ನಡುವೆ ಏನಿದೆಯೋ ನಾನು ಕೇಳುವುದಿಲ್ಲ. ಒಂಬತ್ತು ವರ್ಷ ನೀನು ಅವ್ವನಿಗೆ ಮಾತ್ರ ಪತ್ರ ಬರೆದೆ, ಓದಲು ಬಾರದ ಅವಳಿಗೆ ಅದನ್ನು ಓದಿ ಹೇಳುತ್ತಿದ್ದವರು ಅವರೇ. ಅಷ್ಟು ನನಗೆ ಗೊತ್ತು.

ಈಗ ಬರೆಯಬೇಕಾದ ಮಾತು. ಮೊನ್ನೆ ಶ್ರೀಶೈಲಪ್ಪ ನನ್ನ ಹತ್ತಿರ ಸ್ಟಾಂಪು ಕೇಳಿದ. 'ವಟಮುಖತ್ಯಾರ ಪತ್ರ ಮಾಡಸ್ತೇನಿ ಕಾಕಾ. ಇನ್ನ ಮ್ಯಾಲ ದೊಡ್ಡಪ್ಪನ ಬದಲಿ ಮನಿ ವ್ಯವಹಾರ, ಸಹಿ ಎಲ್ಲಾ ನಾನ ನೋಡ್ಬೇಕಲ್ಲ. ದೊಡ್ಡಪ್ಪಗ ಸಹಿ ಬರಂಗಿಲ್ಲ, ಹೆಬ್ಬೆಟ್ಟ ತೊಗೊಂಡ್ರ ಸಾಕಲ್ಲೇನು?' ಅಂದ. ಸ್ಟಾಂಪು ಮುಗಿದಿವೆ ಎಂದು ಹೇಳಿದೆ. ಪೆಟ್ಟಿಗೆಯ ತುಂಬ ಇದ್ದವು. ಇಪ್ಪತ್ತೆಂಟು ವರ್ಷದಲ್ಲಿ ಮೊದಲನೆಯ ಸಲ ಗಿರಾಕಿಗೆ ಸುಳ್ಳು ಹೇಳಿದೆ. ಎಷ್ಟು ದಿನ ಹೇಳಲಿ? ಬಂದು ಹೋಗು.

ನಿನ್ನ
ಶಹಾಬುದ್ದೀನ ಕಾಕಾ


ಇಂಡಿ
6 ಫೆಬ್ರುವರಿ 1974

ಅಪ್ಪನವರಿಗೆ ಚನ್ನವ್ವನ ನಮಸ್ಕಾರ.

ಕಳೆದ ವಾರ ಬಂದು ಎರಡು ದಿನ ಇದ್ದೆ. ಎರಡು ದಿನವೂ ನೀವು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಿರಿ. ನನ್ನ ಮುಖ ನೋಡುವುದು ಬೇಡವಾಗಿತ್ತೋ, ನಿಮ್ಮ ಮುಖ ನನಗೆ ತೋರಿಸುವುದು ಬೇಡವಾಗಿತ್ತೋ ತಿಳಿಯಲಿಲ್ಲ. ಬಾಗೇವಾಡಿಯಲ್ಲಿ ಬಸ್ಸು ಬದಲಿಸುವಾಗ, ತಿರುಗಿ ಹೋಗಿ ಕೇಳಿಬಿಡಲೇ ಎಂದು ಒಂದು ಗಳಿಗೆ ಅನಿಸಿತ್ತು. ಇಂಡಿಯ ಬಸ್ಸು ಬಂತು, ಹತ್ತಿದೆ.

ಡಾಕ್ಟರನ್ನು ನಾನೇ ಕಂಡು ಕೇಳಿದೆ. 'ಬುದ್ಧಿಗ ಏನೂ ಆಗಿಲ್ರಿ ಅಕ್ಕೋರ. ನಾಲಿಗಿ, ಕೈ, ಕಾಲು ಅಷ್ಟ. ದಿನಾ ದುಡಿಸಿದ್ರ ಕಾಲು ಬರ್ತೈತಿ. ಕೈದ ಹೇಳಾಕಾಗಂಗಿಲ್ಲ' ಎಂದರು. ಆದ್ದರಿಂದ ಮಲಗಿಯೇ ಇರಬಾರದು. ಬಚ್ಚಲಿಗೆ ಹೋಗುವ ಗೋಡೆಗೆ ಬಡಿಗನಿಂದ ಗಳ ಬಡಿಸಿ ಬಂದಿದ್ದೇನೆ. ಅದನ್ನು ಎಡಗೈಯಿಂದ ಹಿಡಿದು ಬೆಳಿಗ್ಗೆ ಐದು ಸಲ, ಸಂಜೆ ಐದು ಸಲ ನಡೆಯಬೇಕು. ಅವ್ವ ಲೆಕ್ಕ ಇಡುತ್ತಾಳೆ. ಹಾಸಿಗೆಯ ಪಕ್ಕದಲ್ಲಿ ಒಂದು ಪಾಟಿ, ಬಳಪ ಇಟ್ಟಿದ್ದೇನೆ. ಮಾತು ಬಾರದಿದ್ದರೆ ಬರೆಯಿರಿ. ಬಲಗೈಯೇ ಬೇಕು ಎಂದು ಯಾರೂ ಹೇಳಿಲ್ಲ.

ಶ್ರೀಶೈಲನ ಪತ್ರಕ್ಕೆ ಹೆಬ್ಬೆಟ್ಟು ಒತ್ತುವುದು ಬಿಡುವುದು ನಿಮಗೆ ಸೇರಿದ್ದು. ಹಕ್ಕು ಕೇಳಲು ನಾನು ಬಂದವಳಲ್ಲ. ನನಗೆ ಹಕ್ಕು ಬೇಡವೆಂದು 1965ರಲ್ಲೇ ಬರೆದುಕೊಟ್ಟಿದ್ದೇನೆ. ಬರೆಸಿದವರು ನೀವೇ.

ಒಂದನ್ನು ಮಾತ್ರ ಯೋಚಿಸಿ. ನಿಮ್ಮ ನಂತರ ಅವ್ವ ಎಲ್ಲಿರಬೇಕು? ಆ ಮನೆಯಲ್ಲಿ ಯಾರ ಅಪ್ಪಣೆಯ ಮೇಲೆ ಇರಬೇಕು? ಇದಕ್ಕೆ ಉತ್ತರ ಬರೆಯುವವರು ನಿಮ್ಮನ್ನು ಬಿಟ್ಟು ಬೇರೆ ಯಾರೂ ಇಲ್ಲ.

ಚನ್ನವ್ವ


ಮುದ್ದೇಬಿಹಾಳ
22 ಮಾರ್ಚ್ 1974

ಚನ್ನವ್ವಾ,

ಎಡಗೈ. ನಗಬೇಡ.

ನಿನ್ನೆ ಶ್ರೀಶೈಲ ಶಾಯಿ ಗಾದಿ ತಂದ. ಎಡಗೈ ಹೆಬ್ಬೆಟ್ಟು ಹಿಡಿದ. ನಾನು ಮುಷ್ಟಿ ಬಿಗಿ ಮಾಡಿದೆ. ಅವನಿಗೆ ಬಿಡಿಸಲು ಆಗಲಿಲ್ಲ.

ಮೂರು ತಿಂಗಳಲ್ಲಿ ನಾನು ಮಾಡಿದ ಮೊದಲ ಕೆಲಸ.

ಮಡಿವಾಳಪ್ಪ


ಇಂಡಿ
3 ಏಪ್ರಿಲ್ 1974

ಅಪ್ಪಾ,

ನಗಲಿಲ್ಲ. ನನ್ನ ಒಂದನೆಯ ಇಯತ್ತೆಯ ಮಕ್ಕಳಲ್ಲಿ ನಿಮಗಿಂತ ಕೆಟ್ಟದಾಗಿ ಬರೆಯುವವರು ಹನ್ನೊಂದು ಮಂದಿ ಇದ್ದಾರೆ. ಆದರೆ ಅವರು 'ಳ' ಸರಿಯಾಗಿ ಬರೆಯುತ್ತಾರೆ. ನಿಮ್ಮ 'ಳ' ಬೆನ್ನು ಮುರಿದುಕೊಂಡು ಕುಳಿತಿದೆ.

ಇದರೊಂದಿಗೆ ನಾಲ್ಕು ಗೆರೆಯ ಕಾಪಿ ಬುಕ್ಕು ಕಳಿಸಿದ್ದೇನೆ. ದಿನಕ್ಕೆ ಒಂದು ಪುಟ. ಮೊದಲು ಬಳ್ಳಿ, ಸುಳಿ, ನಂತರ ಅಕ್ಷರ. ಕಾಗದವನ್ನು ಎಡಕ್ಕೆ ಅಲ್ಲ, ಬಲಕ್ಕೆ ವಾಲಿಸಿ ಇಡಿ, ಮಣಿಕಟ್ಟು ತಿರುಚುವುದಿಲ್ಲ. ನನ್ನ ವರ್ಗದಲ್ಲಿ ಒಬ್ಬ ಹುಡುಗಿ ಎಡಗೈಯಿಂದ ಬರೆಯುತ್ತಾಳೆ, ಅವಳಿಂದ ಕಲಿತೆ. ಹತ್ತು ದಿನಕ್ಕೊಮ್ಮೆ ಪುಟಗಳನ್ನು ಹರಿದು ಕಳಿಸಿ. ಕೆಂಪು ಶಾಯಿಯಿಂದ ತಿದ್ದುತ್ತೇನೆ. ನೀವು ನನ್ನದನ್ನು ಹಾಗೆಯೇ ತಿದ್ದುತ್ತಿದ್ದಿರಿ.

ಮುಷ್ಟಿಯ ಸುದ್ದಿಯನ್ನು ನನ್ನ ಯಜಮಾನರು ಸಿದ್ದರಾಯರಿಗೆ ಓದಿ ಹೇಳಿದೆ. 'ಮಾವ ಗಟ್ಟಿ ಇದ್ದಾರ' ಎಂದು ಇಡೀ ಸಂಜೆ ನಕ್ಕರು.

ಚನ್ನವ್ವ


ಮುದ್ದೇಬಿಹಾಳ
9 ಜುಲೈ 1974

ಚನ್ನವ್ವಾ,

ಈ ಪತ್ರಕ್ಕೆ ಆರು ದಿನ ಹಿಡಿಯಿತು. 'ಳ' ನೋಡು, ಎದ್ದು ಕುಳಿತಿದೆ.

ಊರಿನ ಸುದ್ದಿ ಮೊದಲು. ಒಂದು ಕೈಯಲ್ಲಿ ಕೋಲು ಹಿಡಿದು ದಿನಾ ಬೇವಿನ ಗಿಡದ ತನಕ ಹೋಗಿ ಬರುತ್ತೇನೆ. ಬಲಗಡೆ ಶಹಾಬುದ್ದೀನ ಇರುತ್ತಾನೆ. ಮೊದಲ ದಿನ ನನ್ನನ್ನು ಕಂಡು ಎಲ್ಲರೂ ಎದ್ದು ನಿಂತರು. ಎರಡನೆಯ ದಿನ ಯಾರೂ ಏಳಲಿಲ್ಲ. ನನಗೆ ಎರಡನೆಯ ದಿನವೇ ಹೆಚ್ಚು ಸಂತೋಷವಾಯಿತು. ಆದರೆ ಶ್ರೀಶೈಲ ಪೇಟೆಯಲ್ಲಿ ಹೇಳಿಕೊಂಡು ತಿರುಗುತ್ತಿದ್ದಾನೆ: 'ನಮ್ಮ ದೊಡ್ಡಪ್ಪನ ತಲಿ ಕೆಟ್ಟೈತಿ. ಕುಂತು ಪಾಟಿ ಮ್ಯಾಲ ಬಳ್ಳಿ ತಿದ್ದಾಕತ್ತಾನ.' ತಿದ್ದುವುದು ನಿಜ, ಅದಕ್ಕೇ ಜನ ಉಳಿದ ಮಾತನ್ನೂ ನಂಬುತ್ತಾರೆ.

ನನ್ನ ನಂತರ ಮನೆ ಯಾರಿಗೆ ಎಂದು ಮೃತ್ಯುಪತ್ರ ಬರೆಯಬೇಕು ಎಂದು ನಿಶ್ಚಯಿಸಿದ್ದೇನೆ. ಮೂವತ್ತೆಂಟು ವರ್ಷ ತಾಲೂಕಿಗೆಲ್ಲ ಬರೆದುಕೊಟ್ಟೆ, ನನ್ನದನ್ನು ಬರೆಯಲಿಲ್ಲ. ನಾನು ಬರೆದ ಪ್ರತಿಯೊಂದು ಮೃತ್ಯುಪತ್ರವೂ 'ನಾನು ಸ್ವಸ್ಥ ಚಿತ್ತದಿಂದ, ಯಾರ ಒತ್ತಾಯವೂ ಇಲ್ಲದೆ ಬರೆದುಕೊಡುವುದೇನೆಂದರೆ' ಎಂದು ಶುರುವಾಗುತ್ತಿತ್ತು. ಆ ಸಾಲನ್ನು ಯಾರನ್ನೂ ಕೇಳಿ ಬರೆದದ್ದಲ್ಲ, ಕೈಗೆ ರೂಢಿಯಾಗಿತ್ತು. ಮಕ್ಕಳು ಹೇಳಿದರು, ನಾನು ಬರೆದೆ, ಮುದುಕರು ಹೆಬ್ಬೆಟ್ಟು ಒತ್ತಿದರು. ಈಗ ಆ ಒಂದು ಸಾಲು ನಿಜವೆಂದು ಊರಿಗೆ ತೋರಿಸಿಕೊಡಬೇಕಾದ ಪಾಳಿ ನನ್ನದು.

ಅವ್ವ ಎಲ್ಲಿರಬೇಕು ಎಂಬ ನಿನ್ನ ಪ್ರಶ್ನೆಯನ್ನು ಅವಳಿಗೇ ಕೇಳಿದೆ. ಲಗ್ನವಾಗಿ ನಲವತ್ತು ವರ್ಷವಾಯಿತು, ಏನು ಬೇಕು ಎಂದು ಅವಳನ್ನು ಎಂದೂ ಕೇಳಿದವನಲ್ಲ. ಪಾಟಿಯ ಮೇಲೆ ಬರೆದರೆ ಅವಳಿಗೆ ಓದಲು ಬರುವುದಿಲ್ಲ, ತೊದಲುತ್ತ ಮೂರು ಸಲ ಕೇಳಿದೆ. ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಅಂದಳು: 'ನಾ ಯಾರ ಮನಿಗೂ ಹೋಗಾಕಿ ಅಲ್ಲ. ಮಗಳ ಮನಿಗೂ ಇಲ್ಲ, ಶ್ರೀಶೈಲನ ಕೈಕೆಳಗೂ ಇಲ್ಲ. ನನ್ನ ಒಲಿ ನನ್ನ ಕಡೆ ಇರ್ಲಿ. ಈ ಹೊಸ್ತಲಾ ದಾಟಿ ಹೋಗು ಅಂತ ನನಗ ಯಾರೂ ಅನಬಾರದು.' ಹಾಗೆಯೇ ಬರೆದುಕೊಂಡೆ. ಕಾಯದೆಯಲ್ಲಿ ಅದಕ್ಕೆ ಆಜೀವ ಹಕ್ಕು ಎನ್ನುತ್ತಾರೆ. ಅವಳು ಹೇಳಿದ್ದೇ ಹೆಚ್ಚು ಸ್ಪಷ್ಟವಾಗಿದೆ.

ಇನ್ನು ನಿನ್ನ ಮಾತು. ನಿನ್ನ ಲಗ್ನಕ್ಕೆ ಎಂಟು ದಿನ ಇರುವಾಗ ನಿನ್ನಿಂದ ಹಕ್ಕುಸೋಡ ಪತ್ರ ಬರೆಸಿಕೊಂಡೆ. 'ಈ ಮನೆಯಲ್ಲಿ ನನಗೆ ಯಾವ ಹಕ್ಕೂ ಬೇಡ' ಎಂದು. 'ಅಪ್ಪಾ, ಇದು ಬೇಕ ಏನು?' ಎಂದು ನೀನು ಕೇಳಿದೆ. 'ಕಾಯದೆ ಐತಿ' ಅಂದೆ. ಸುಳ್ಳು ಹೇಳಿದೆ, ಚನ್ನವ್ವಾ. ಮನೆ ನಾನು ದುಡಿದು ಗಳಿಸಿದ್ದು. ನಾನು ಬದುಕಿರುವಾಗ ಅದರಲ್ಲಿ ಯಾರಿಗೂ ಹಕ್ಕು ಹುಟ್ಟುವುದಿಲ್ಲ. ಹುಟ್ಟದ ಹಕ್ಕನ್ನು ಬಿಟ್ಟುಕೊಡುವುದು ಹೇಗೆ? ಆ ಕಾಗದಕ್ಕೆ ಬೆಲೆಯಿಲ್ಲ ಎಂದು ಅವತ್ತೇ ನನಗೆ ಗೊತ್ತಿತ್ತು. 'ಗಂಡುಮಗ ಇಲ್ಲದ ಮನಿ, ನಾಳೆ ಮಗಳು ಒಯ್ತಾಳ' ಎಂದು ನನ್ನ ತಮ್ಮ ದಿನಾ ಕೂಗಾಡುತ್ತಿದ್ದ. ಅವನ ಬಾಯಿ ಮುಚ್ಚಿಸಬೇಕಾಗಿತ್ತು. ನನಗೆ ಮನೆಯಲ್ಲಿ ಶಾಂತಿ ಬೇಕಾಗಿತ್ತು, ಅದನ್ನು ನಿನ್ನ ಸಹಿ ಕೊಟ್ಟು ಕೊಂಡುಕೊಂಡೆ. ತಮ್ಮ ತೀರಿಹೋಗಿ ನಾಲ್ಕು ವರ್ಷವಾಯಿತು. ಆಮೇಲೂ ಹೇಳಲು ನನಗೆ ಬಾಯಿ ಬರಲಿಲ್ಲ. ನಾಲಿಗೆ ಇದ್ದಾಗ ಆಡದ ಮಾತನ್ನು ಈಗ ಎಡಗೈಯಿಂದ ಬರೆಯುತ್ತಿದ್ದೇನೆ.

ಮನೆಯನ್ನು ನಿನ್ನ ಅವ್ವನ ನಂತರ ಪೂರ್ತಿ ನಿನ್ನ ಹೆಸರಿಗೆ ಬರೆಯುತ್ತೇನೆ.

ಮಡಿವಾಳಪ್ಪ


ಇಂಡಿ
11 ಆಗಸ್ಟ್ 1974

ಅಪ್ಪಾ,

ನಿಮ್ಮ ಪತ್ರ ಬಂದು ತಿಂಗಳಾಯಿತು. ಈ ಸಲ ಕೆಂಪು ಶಾಯಿ ಮುಟ್ಟಲಿಲ್ಲ.

ಆ ಕಾಗದ ಕಾಯದೆಗಾಗಿ ಎಂದು ಒಂಬತ್ತು ವರ್ಷ ನಂಬಿದ್ದೆ. ಕಾಯದೆಯ ಮೇಲೆ ಸಿಟ್ಟು ಮಾಡಿಕೊಂಡು ಬದುಕಬಹುದು. ಬೇಕಿಲ್ಲದೆ ಬರೆಸಿದ್ದು ಎಂದು ತಿಳಿದಾಗ ಆ ಸಿಟ್ಟನ್ನು ಎಲ್ಲಿಡಬೇಕೋ ತಿಳಿಯಲಿಲ್ಲ. ನಾನು ದೊಡ್ಡವಳಾಗಿ ನಾಲ್ಕು ಜನರ ಎದುರು ಮಾಡಿದ ಮೊದಲ ಸಹಿ ಅದು. ಸಹಿ ಚೆನ್ನಾಗಿ ಬಂದಿದೆ ಎಂದು ನೀವು ಹೇಳಿದಿರಿ. ಅದು ನಿಮಗೆ ನೆನಪಿರಲಿಕ್ಕಿಲ್ಲ.

ಕ್ಷಮಿಸಿದೆ ಎಂದು ಇವತ್ತು ಬರೆದರೆ ಅದೂ ಒಂದು ಸುಳ್ಳು ಕಾಗದವಾಗುತ್ತದೆ. ಆದರೆ ಕಾಪಿ ಬುಕ್ಕು ಕಳಿಸುವುದನ್ನು ನಿಲ್ಲಿಸುವುದಿಲ್ಲ.

ಮನೆಯನ್ನು ಪೂರ್ತಿ ನನಗೆ ಬರೆಯಬೇಡಿ. ನಿಮ್ಮ ತಪ್ಪಿನ ದಂಡವನ್ನು ಶ್ರೀಶೈಲ ತೆರಬಾರದು. ಅವನು ಹುಟ್ಟಿದ್ದು ನಿಮ್ಮ ಮನೆಯ ಮುಂದಿನ ಕೋಣೆಯಲ್ಲಿ, ಅವನ ಮಕ್ಕಳು ಹುಟ್ಟಿದ್ದೂ ಅಲ್ಲಿಯೇ, ಇವತ್ತಿಗೂ ಅವನ ಸಂಸಾರ ಅಲ್ಲಿಯೇ ಇದೆ. ಅವನು ಶಾಯಿ ಗಾದಿ ತಂದದ್ದು ತಪ್ಪು, ಊರಲ್ಲಿ ಆಡಿದ ಮಾತು ಇನ್ನೂ ತಪ್ಪು. ಆದರೆ ನೀವು ಬಿದ್ದ ದಿನ ಬೆನ್ನ ಮೇಲೆ ಹೊತ್ತುಕೊಂಡು ಓಡಿದವನೂ ಅವನೇ. ನೀವು ಹೋದ ಮರುದಿನ ನಾನು ಬಂದು ಅವನ ಸಾಮಾನು ಬೀದಿಗೆ ಇಡಿಸುತ್ತೇನೆ ಎಂಬ ಭಯ ಅವನಿಗೆ. ಆ ಭಯ ಹೋಗಲಾಡಿಸುವ ಒಂದು ಮಾತನ್ನು ನೀವು ಇದುವರೆಗೆ ಆಡಿಲ್ಲ. ಅವ್ವನನ್ನೂ ಕೇಳಿ ನೋಡಿ.

ಸಿದ್ದರಾಯರ ಅವ್ವ ಸಿಂದಗಿಯಲ್ಲಿದ್ದದ್ದು ನಿಮಗೆ ಗೊತ್ತು. ಮಾವ ಏನನ್ನೂ ಬರೆದಿಡದೆ ಹೋದರು. ಮೂವರು ಮಕ್ಕಳೂ ಒಳ್ಳೆಯವರೇ, ಆದರೂ ಯಾರ ಕೋಣೆ ಯಾವುದು ಎಂದು ಎಂಟು ವರ್ಷ ಮಾತು ಬಿಟ್ಟರು. ಅತ್ತೆ ಕೊನೆಯ ತನಕ ಟ್ರಂಕು ಬಿಚ್ಚಲಿಲ್ಲ, ಮತ್ತೆ ಯಾವ ಮನೆಗೆ ಹೋಗಬೇಕಾಗುವುದೋ ಎಂದು. ನನ್ನ ಅವ್ವನ ಟ್ರಂಕು ಒಂದೇ ಜಾಗದಲ್ಲಿರಬೇಕು.

ಚನ್ನವ್ವ


ಮುದ್ದೇಬಿಹಾಳ
4 ಸೆಪ್ಟೆಂಬರ್ 1974

ಚನ್ನವ್ವಾ,

ನಿನ್ನ ಪತ್ರವನ್ನು ಅವ್ವನಿಗೆ ಓದಿ ಹೇಳಿದೆ. ತೊದಲುವ ನಾಲಿಗೆಯಿಂದ ಒಂದು ಗಂಟೆ ಹಿಡಿಯಿತು. ಕೇಳಿ, 'ನನ್ನ ಮಗಳಿಗೆ ನಿಮಗಿಂತ ಹೆಚ್ಚು ತಿಳಿತೈತಿ' ಅಂದಳು. ಬರೆದುಕೊಳ್ಳಲಿಲ್ಲ, ನೆನಪಿರುತ್ತದೆ.

ನೀನು ಹೇಳಿದಂತೆಯೇ ಬರೆದಿದ್ದೇನೆ, ಎಂಟು ದಿನ ಕುಳಿತು, ನನ್ನ ಕೈಯಿಂದಲೇ. ಹಿಂದಿನ ಮನೆ, ಅಡಿಗೆಮನೆ, ಹಿತ್ತಲು ಹೊನ್ನವ್ವ ಬದುಕಿರುವ ತನಕ ಅವಳವು. ಅವಳ ನಂತರ ನಿನ್ನವು. ಮುಂದಿನ ಎರಡು ಕೋಣೆ ಶ್ರೀಶೈಲನವು. ಹೊನ್ನವ್ವ ಇರುವ ತನಕ ಯಾರೂ ತಮ್ಮ ಪಾಲನ್ನು ಪರರಿಗೆ ಮಾರುವಂತಿಲ್ಲ. ಶ್ರೀಶೈಲನಿಗೆ ಇನ್ನೂ ಹೇಳಿಲ್ಲ. ಬಾಯಿಯಿಂದ ಹೇಳಿದರೆ ಅವನಿಗೆ ತಿಳಿಯುವುದಿಲ್ಲ. ಪಾಟಿಯ ಮೇಲೆ ಬರೆದು ಎರಡು ಸಲ ತೋರಿಸಲು ಹೋದೆ. ಪಾಟಿ ಕಂಡರೆ ಅವನು ಎದ್ದು ಹೋಗುತ್ತಾನೆ.

ಬೇರೆ ಒಂದು ಹಾಳೆಯಲ್ಲಿ ಇನ್ನೂ ಕೆಲವು ಮಾತು ಬರೆದಿಟ್ಟಿದ್ದೇನೆ. ನನಗೆ ಮತ್ತೆ ಲಕ್ವಾ ಹೊಡೆದು ಏನೂ ತಿಳಿಯದಂತಾದರೆ ಯಾವ ದವಾಖಾನೆಗೆ ಒಯ್ಯಬೇಕು, ಯಾರನ್ನು ಕೇಳಬೇಕು, ಮನೆಯ ಕಾಗದಪತ್ರ ಯಾವ ಪೆಟ್ಟಿಗೆಯಲ್ಲಿವೆ, ಕೀಲಿ ಎಲ್ಲಿದೆ. ಇದಕ್ಕೆ ಕಾಯದೆಯ ಬಲವಿಲ್ಲ. ಆದರೆ ಅಂಥ ಹೊತ್ತಿನಲ್ಲಿ ಮನೆಯವರು ಒಬ್ಬರ ಮುಖ ಒಬ್ಬರು ನೋಡುತ್ತ ನಿಲ್ಲಬೇಕಾಗಿಲ್ಲ. ನೀನು ಮತ್ತು ಶಹಾಬುದ್ದೀನ ಕೂಡಿ ತೀರ್ಮಾನಿಸಬೇಕು ಎಂದು ಬರೆದಿದ್ದೇನೆ.

23ನೆಯ ತಾರೀಖು ಸೋಮವಾರ ರಜಿಸ್ಟರು ಮಾಡಿಸುತ್ತೇನೆ. ನೀನು ಬರಬೇಡ. ಬಂದರೆ, ಮಗಳು ಎದುರಿಗೆ ನಿಂತು ಬರೆಸಿದಳು ಎನ್ನುತ್ತಾರೆ. ಪಾಲು ಪಡೆಯುವವರು ದೂರ ಇದ್ದಷ್ಟೂ ಕಾಗದ ಗಟ್ಟಿ. ಇಷ್ಟು ವರ್ಷದ ಅನುಭವದಿಂದ ಹೇಳುತ್ತಿದ್ದೇನೆ.

ನನಗೆ ಹೆದರಿಕೆ ಇದೆ. ಇದನ್ನು ನಿನ್ನ ಅವ್ವನಿಗೆ ಹೇಳಿಲ್ಲ.

ಮಡಿವಾಳಪ್ಪ


ಮುದ್ದೇಬಿಹಾಳ
24 ಸೆಪ್ಟೆಂಬರ್ 1974

ಮಗಳು ಚನ್ನವ್ವನಿಗೆ,

ನಿನ್ನ ಅಪ್ಪನ ಕೈ ಇವತ್ತು ದಣಿದಿದೆ. ನೀನು ಕಾಯುತ್ತಿರುತ್ತೀ ಎಂದು ನನ್ನಿಂದ ಬರೆಸುತ್ತಿದ್ದಾರೆ. ಪಕ್ಕದಲ್ಲೇ ಕುಳಿತು 'ಅದನ್ನ ಬರಿ, ಇದನ್ನ ಬಿಡು' ಎಂದು ಕೋಲಿನಿಂದ ತಿವಿಯುತ್ತಿದ್ದಾರೆ. ನಾನು ಏನನ್ನೂ ಬಿಡುವವನಲ್ಲ.

ನಿನ್ನೆ ಹತ್ತೂವರೆಗೆ ಕಚೇರಿ ಮುಟ್ಟಿದೆವು. ಸಾಕ್ಷಿಗೆ ನಾನು ಮತ್ತು ಡಾಕ್ಟರು. ನಿನ್ನ ಅಪ್ಪ ಬಿಳಿ ಧೋತರ, ಕರಿ ಕೋಟು, ಹಳದಿ ರುಮಾಲು. ಬಲಗೈಯನ್ನು ಕೋಟಿನ ಕಿಸೆಯಲ್ಲಿ ಇಟ್ಟಿದ್ದರು. ನಮ್ಮ ಹಳೆಯ ರಜಿಸ್ಟ್ರಾರರು ವರ್ಗವಾಗಿ ಹೋಗಿ ಹೊಸಬರು ಬಂದಿದ್ದಾರೆ, ಸಣ್ಣ ವಯಸ್ಸು. ಅವರಿಗೆ ಮಡಿವಾಳಪ್ಪ ಯಾರು, ಬೇರೆ ಮುದುಕರು ಯಾರು, ಎಲ್ಲ ಒಂದೇ.

ನಮ್ಮ ಪಾಳಿ ಬರುವ ಹೊತ್ತಿಗೆ ಶ್ರೀಶೈಲಪ್ಪ ಒಳಗೆ ಬಂದ. ಯಾರು ಸುದ್ದಿ ಕೊಟ್ಟರೋ. ಕೈ ಮುಗಿದು ನಿಂತು, 'ಸಾಹೇಬ್ರ, ನನ್ನ ತಕರಾರು ಐತ್ರಿ. ಲಕ್ವಾ ಹೊಡದಾಗಿಂದ ನಮ್ಮ ದೊಡ್ಡಪ್ಪಗ ತಿಳುವಳಿಕಿ ಇಲ್ರಿ. ಮಾತು ಬರಂಗಿಲ್ಲ. ಯಾರೋ ಬರದಿದ್ದಕ್ಕ ಕೈ ಹಿಡದು ಸಹಿ ಮಾಡಸಾಕತ್ತಾರ' ಅಂದ.

ಕಚೇರಿಯಲ್ಲಿ ಇದ್ದವರೆಲ್ಲ ಬರೆಯುವುದನ್ನು ನಿಲ್ಲಿಸಿದರು. ಡಾಕ್ಟರು ತಮ್ಮ ಸರ್ಟಿಫಿಕೇಟು ಮುಂದಿಟ್ಟರು. ಸಾಹೇಬರು ಅದನ್ನು ಓದಿ, 'ಇದು ಇರ್ಲಿ, ನಾನೂ ನೋಡಬೇಕಾಗ್ತದ' ಎಂದು ನಿನ್ನ ಅಪ್ಪನನ್ನು ಕುರ್ಚಿಯ ಮೇಲೆ ಕೂಡಿಸಿದರು. 'ಅಜ್ಜಾರ, ಯಾತಕ್ಕ ಬಂದೀರಿ? ಬಾಯಿಲೆ ಬ್ಯಾಡ, ಬರದು ತೋರಸ್ರಿ.'

ಅಪ್ಪ ಎಡಗೈಯಿಂದ ಲೇಖನಿ ತೆಗೆದುಕೊಂಡರು. ಕಾಗದವನ್ನು ಬಲಕ್ಕೆ ವಾಲಿಸಿಕೊಂಡರು. ಆ ಕೋಣೆಯಲ್ಲಿ ನಿಬ್ಬಿನ ಸಪ್ಪಳ ಕೇಳಿಸುತ್ತಿತ್ತು. ಹೀಗೆ ಬರೆದರು: 'ನನ್ನ ಮೃತ್ಯುಪತ್ರ ನೋಂದಣಿ ಮಾಡಿಸಲು ಬಂದಿದ್ದೇನೆ. ಪತ್ರ ನನ್ನದೇ ಕೈಬರಹ. ಇವತ್ತು ಸೋಮವಾರ. ತಮ್ಮ ಎಡಗಡೆಯ ಗಡಿಯಾರ ಹನ್ನೆರಡು ನಿಮಿಷ ಹಿಂದಿದೆ.'

ಸಾಹೇಬರು ಗಡಿಯಾರ ನೋಡಿದರು, ತಮ್ಮ ಕೈಗಡಿಯಾರ ನೋಡಿದರು. ಮೇಜಿನ ಮೇಲಿನ ಕಟ್ಟಿನಿಂದ, ಅವತ್ತೇ ಬಂದ ಬೇರೆ ಯಾರದೋ ಮನೆಯ ಖರೇದಿ ಪತ್ರ ತೆಗೆದು ಕೊಟ್ಟರು. 'ಇದನ್ನ ಓದ್ರಿ. ಏನು ತಿಳೀತು, ಬರೀರಿ.'

ಅಪ್ಪ ಓದಿದರು. ಎರಡನೆಯ ಪುಟದಲ್ಲಿ, ಮನೆಯ ನಾಲ್ಕು ದಿಕ್ಕಿಗೆ ಏನೇನಿದೆ ಎಂದು ಬರೆದ ಜಾಗಕ್ಕೆ ಬಂದು ನಿಂತರು. ಬಾಯಿಯ ಎಡಗಡೆ ಒಂದು ನಗು ಬಂತು. ಬರೆದರು: 'ಈ ಮನೆಯ ಪೂರ್ವಕ್ಕೆ ಸರಕಾರಿ ರಸ್ತೆ, ಪಶ್ಚಿಮಕ್ಕೂ ಅದೇ ರಸ್ತೆ ಎಂದಿದೆ. ಹಾಗಾದರೆ ಇದು ಮನೆಯಲ್ಲ, ನಡುರಸ್ತೆಯಲ್ಲಿ ನಿಂತ ಬಂಡಿ.'

ಸಾಹೇಬರು ಗಟ್ಟಿಯಾಗಿ ಓದಿದರು. ಆಮೇಲೆ ನಕ್ಕ ನಗು ಚನ್ನವ್ವಾ, ಹೊರಗೆ ಬೇವಿನ ಗಿಡದ ಕೆಳಗಿದ್ದವರೆಲ್ಲ ಕಿಡಕಿಗೆ ಬಂದು ನಿಂತರು. ಆ ಪತ್ರ ಬರೆದ ರೈಟರ್ ಅಲ್ಲೇ ಇದ್ದ, ಮೆಲ್ಲಗೆ ಹೊರಗೆ ಹೋದ. 'ಸಾಕ್ರಿ ಅಜ್ಜಾರ' ಎಂದು ಸಾಹೇಬರು ಎದ್ದು ಕೈ ಮುಗಿದರು.

ನಾನು ಇಷ್ಟಕ್ಕೇ ಮುಗಿಯಿತು ಎಂದುಕೊಂಡಿದ್ದೆ. ಅಪ್ಪ ಮೃತ್ಯುಪತ್ರವನ್ನು ಸಾಹೇಬರ ಮುಂದಿನಿಂದ ತೆಗೆದು ಶ್ರೀಶೈಲಪ್ಪನ ಕಡೆ ಚಾಚಿದರು. ಬಾಯಿಯಿಂದಲೇ ಅಂದರು, 'ಓ... ದು.' ಇಡೀ ಕಚೇರಿಗೆ ತಿಳಿಯುವಂತೆ.

ಅವನು ನಿಂತಲ್ಲೇ ಓದಿದ. ತನ್ನ ಹೆಸರು ಬಂದ ಕಡೆ ಬೆರಳಿಟ್ಟು ಮತ್ತೆ ಓದಿದ. ಕಿವಿಗಳು ಕೆಂಪಾದವು.

'ಏನ್ರಿ ಶ್ರೀಶೈಲಪ್ಪ,' ಎಂದರು ಸಾಹೇಬರು. 'ನಿಮ್ಮ ತಕರಾರು ಬರಕೊಳ್ಳಲೇನು? ದೊಡ್ಡಪ್ಪಗ ತಿಳುವಳಿಕಿ ಇಲ್ಲ ಅಂತ?'

'ಬ್ಯಾಡ್ರಿ ಸಾಹೇಬ್ರ,' ಅಂದ. 'ನನಕಿಂತ ಹೆಚ್ಚು ಐತ್ರಿ.' ಹಾಗೆ ಹೇಳಿ ನಿನ್ನ ಅಪ್ಪನ ಕಾಲು ಹಿಡಿದ. ಮುಂದಿನ ಕೋಣೆ ಬರೆಯಲು ನೀನೇ ಹೇಳಿದ್ದು ಎಂದು ನಾನು ಅವನಿಗೆ ಆಮೇಲೆ ತಿಳಿಸಿದೆ. ಅಪ್ಪ ತಿಳಿಸಬೇಡ ಎಂದಿದ್ದರು. ನಾನು ತಿಳಿಸಿದೆ.

ಗುಮಾಸ್ತ ರೂಢಿಯಂತೆ ಶಾಯಿ ಗಾದಿಯನ್ನು ಮುಂದೆ ಸರಿಸಿದ. ಅಪ್ಪ ಬೆರಳೆತ್ತಿ ತಡೆದರು. ಮೊದಲು ಸಹಿ. ಪೂರ್ತಿ ಹೆಸರು, ಅಪ್ಪನ ಹೆಸರು, ಅಡ್ಡಹೆಸರು, ಒಂದು ಅಕ್ಷರ ಬಿಡದೆ, ಅವಸರವಿಲ್ಲದೆ. ಕಚೇರಿಯ ನಿಯಮವೆಂದು ಆಮೇಲೆ ಹೆಬ್ಬೆಟ್ಟೂ ಕೊಟ್ಟರು. ರಾಜನಂತೆ ಕೊಟ್ಟರು.

ಮನೆಗೆ ಹೋಗುವಾಗ ಒಂದು ಕಡೆ ನಾನು, ಇನ್ನೊಂದು ಕಡೆ ಶ್ರೀಶೈಲಪ್ಪ. ಪೇಟೆಯ ನಡುವೆ ಹೋದೆವು, ಸುತ್ತಿಕೊಂಡು ಹೋಗೋಣ ಎಂದು ಹಟ ಮಾಡಿದವರು ನಿನ್ನ ಅಪ್ಪನೇ. ಹೊನ್ನವ್ವಕ್ಕ ಬಾಗಿಲಲ್ಲೇ ನಿಂತಿದ್ದಳು. 'ಏನಾತು?' ಅಂದಳು. ಅಪ್ಪ ಹೊಸ್ತಿಲನ್ನು ಕೋಲಿನಿಂದ ಮೂರು ಸಲ ತಟ್ಟಿ, ಅವಳ ಕಡೆ ಕೈ ಮಾಡಿ ತೋರಿಸಿದರು. ಅವಳಿಗೆ ತಿಳಿಯಿತು. ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋಗಿ ಎಲ್ಲರಿಗೂ ಹುಗ್ಗಿ ಮಾಡಿದಳು. ಗೋಧಿ ಹುಗ್ಗಿ, ಮೇಲೆ ತುಪ್ಪ. ನಾನು ಎರಡು ಸಲ ಹಾಕಿಸಿಕೊಂಡೆ.

ಮೃತ್ಯುಪತ್ರಕ್ಕೆ ಸ್ಟಾಂಪು ಕಾಗದ ಬೇಕಿಲ್ಲ, ಬಿಳಿ ಹಾಳೆ ಸಾಕು. ನನಗೆ ಏನೂ ವ್ಯಾಪಾರವಾಗಲಿಲ್ಲ. ಆದರೂ ನಿನ್ನೆಯಷ್ಟು ಗಳಿಸಿದ ದಿನ ನನಗೆ ಬೇರೆ ಇಲ್ಲ.

ನಿನ್ನ
ಶಹಾಬುದ್ದೀನ ಕಾಕಾ


ಇಂಡಿ
30 ಸೆಪ್ಟೆಂಬರ್ 1974

ಅಪ್ಪಾ,

ಕಾಕಾನ ಪತ್ರವನ್ನು ಸಾಲಿಯಲ್ಲಿ, ಮಧ್ಯಾಹ್ನದ ಬಿಡುವಿನಲ್ಲಿ ಓದಿದೆ. ಬಂಡಿಯ ಮಾತಿಗೆ ಬಂದಾಗ ಜೋರಾಗಿ ನಕ್ಕುಬಿಟ್ಟೆ. ಉಳಿದ ಅಕ್ಕೋರು ಏನೆಂದು ಕೇಳಿದರು. ಇಡೀ ಪತ್ರ ಓದಿ ಹೇಳಬೇಕಾಯಿತು. ಹೊಸ್ತಿಲಿನ ತನಕ ಬರುವಷ್ಟರಲ್ಲಿ ನನಗೆ ಓದಲು ಆಗಲಿಲ್ಲ, ಪಕ್ಕದವರು ತೆಗೆದುಕೊಂಡು ಮುಗಿಸಿದರು.

ಶ್ರೀಶೈಲ ತಾನೇ ನನಗೊಂದು ಕಾರ್ಡು ಬರೆದಿದ್ದಾನೆ. 'ಅಕ್ಕಾ, ದೀಪಾವಳಿಗೆ ಬಾ, ನಿನ್ನ ತಮ್ಮ ಕರೆಯಲು ಬರುತ್ತಾನೆ' ಎಂದು ಒಂದೇ ಸಾಲು. ಬರುತ್ತೇನೆ. ಸಿದ್ದರಾಯರೂ ಬರುತ್ತಾರೆ. ಎಂಟು ದಿನ ಇರುತ್ತೇವೆ.

ಆಗಸ್ಟಿನಲ್ಲಿ ಬರೆಯಲಾರೆ ಎಂದ ಮಾತನ್ನು ಈಗ ಬರೆಯುತ್ತಿದ್ದೇನೆ. ಕ್ಷಮಿಸಿದ್ದೇನೆ, ಅಪ್ಪಾ. ಯಾರ ಒತ್ತಾಯವೂ ಇಲ್ಲ.

ನಿಮ್ಮ ಮಗಳು
ಚನ್ನವ್ವ


ಮುದ್ದೇಬಿಹಾಳ
21 ಅಕ್ಟೋಬರ್ 1974

ಚನ್ನವ್ವಾ, ನನ್ನ ತಾಯಿ,

ನಿನ್ನ ಪತ್ರ ಕೋಟಿನ ಒಳಗಿನ ಕಿಸೆಯಲ್ಲಿದೆ. ಅದಕ್ಕೆ ಉತ್ತರವನ್ನು ನೀನು ಬಂದಾಗ ಎದುರಿಗೆ ಹೇಳುತ್ತೇನೆ. ಎಷ್ಟು ಹೊತ್ತು ಹಿಡಿದರೂ ನೀನು ಕೇಳಿಸಿಕೊಳ್ಳಬೇಕು.

ಮತ್ತೆ ಕೆಲಸಕ್ಕೆ ಕುಳಿತಿದ್ದೇನೆ. ಮೊದಲಿನಷ್ಟು ವೇಗವಿಲ್ಲ, ದಿನಕ್ಕೆ ಒಂದು ಪತ್ರ, ಬಹಳವೆಂದರೆ ಎರಡು. ಖರೇದಿ ಪತ್ರಗಳನ್ನು ಬೇರೆಯವರಿಗೆ ಬಿಟ್ಟಿದ್ದೇನೆ. ನನ್ನ ಹತ್ತಿರ ಈಗ ಬರುವವರೆಲ್ಲ ಮುದುಕರು.

ಕಳೆದ ವಾರ ಇಂಗಳೇಶ್ವರದಿಂದ ಸಿದ್ದವ್ವ ಎಂಬ ಮುದುಕಿ ಬಂದಿದ್ದಳು. ಅವಳಿಗೆ ನಮ್ಮ ತಾಲೂಕಿನಲ್ಲಿ ತವರಿನಿಂದ ಬಂದ ಹೊಲವಿದೆ. ಇಬ್ಬರು ಮಕ್ಕಳು ಕರೆತಂದಿದ್ದರು. ಹಿರಿಯವನು, 'ಹೊಲಾ ಈಗಿಂದನ ನಮ್ಮಿಬ್ಬರ ಹೆಸರಿಗೆ ಮಾಡ್ಬೇಕ್ರಿ. ನಮ್ಮವ್ವ ಹೆಬ್ಬೆಟ್ಟ ಒತ್ತತಾಳ' ಅಂದ. ನಾನು ಪಾಟಿಯ ಮೇಲೆ ಬರೆದು ತೋರಿಸಿದೆ: 'ನೀವಿಬ್ಬರೂ ಹೋಗಿ ಚಹಾ ಕುಡಿದು ಬರ್ರಿ. ಸಾವಕಾಶ ಬರ್ರಿ.' ಅವರಿಗೆ ಸರಿ ಬರಲಿಲ್ಲ. ಶಹಾಬುದ್ದೀನ ಎಬ್ಬಿಸಿ ಕರೆದುಕೊಂಡು ಹೋದ.

ಆಮೇಲೆ ಆ ಮುದುಕಿಯನ್ನು ಕೇಳಿದೆ, 'ಯವ್ವಾ, ನಿನಗ ಏನ ಬೇಕು?' ನನ್ನ ತೊದಲು ಅವಳಿಗೆ ಒಂದೇ ಸಲಕ್ಕೆ ತಿಳಿಯಿತು. ಮುದುಕರಿಗೆ ತಿಳಿಯುತ್ತದೆ, ಅವರಿಗೆ ಅವಸರವಿಲ್ಲ. ಮಕ್ಕಳು ಹೋದ ಕಡೆ ಅವಳು ಒಮ್ಮೆ ತಿರುಗಿ ನೋಡಿದಳು. 'ಹೊಲಾ ಅವರ ಉಣ್ಣಲಿ, ನನ್ನ ಮಕ್ಕಳ ಅಲ್ಲೇನ್ರಿ? ಖರೇ, ನಾ ಇರೂಮಟ ನನ್ನ ಹೆಸರಿಲೆ ಇರ್ಲಿ. ಹೆಸರು ಹೋತಂದ್ರ ನನ್ನ ಮಾತು ಯಾರ ಕೇಳ್ತಾರ?' ಅಂದಳು. ಮೃತ್ಯುಪತ್ರ ಮಾಡಿದರೆ ಸಾಕು, ಇವತ್ತೇ ಏನನ್ನೂ ಬಿಟ್ಟುಕೊಡಬೇಕಾಗಿಲ್ಲ ಎಂದು ತಿಳಿಸಿ ಹೇಳಿದೆ. ಹಾಗೆಯೇ ಬರೆದೆ. ಬರೆದದ್ದನ್ನು ಅವಳಿಗೆ ಎರಡು ಸಲ ಓದಿ ಹೇಳಿದೆ. ಮಕ್ಕಳು ಬಂದು ಸ್ವಲ್ಪ ಮುಖ ಉಬ್ಬಿಸಿದರು. ತಾಯಿ ಅವರ ಕಡೆ ನೋಡಿದ ರೀತಿಗೆ ಸುಮ್ಮನಾದರು. ಎದ್ದು ಹೋಗುವಾಗ ಅವಳೇ ಮುಂದೆ ನಡೆದಳು.

ಅವಳು ಹೋಗಿ ಬಾಗೇವಾಡಿ ಬಸ್ಸಿನಲ್ಲಿ ಏನು ಹೇಳಿದಳೋ, ಯಾರಿಗೆ ಹೇಳಿದಳೋ. ಮೊನ್ನೆ ಇಬ್ಬರು ಬಂದಿದ್ದರು. ಇವತ್ತು ಈ ಪತ್ರ ಮುಗಿಸಲು ಹೊತ್ತಿಲ್ಲ. ಗಿಡದ ಕೆಳಗೆ ಮೂವರು ಮುದುಕರು ಕಾಯುತ್ತಿದ್ದಾರೆ. ಅವರ ಮಕ್ಕಳನ್ನೆಲ್ಲ ಚಹಾಕ್ಕೆ ಕಳಿಸಿದ್ದೇನೆ.

ನಿನ್ನ ಅಪ್ಪ
ಮಡಿವಾಳಪ್ಪ, ಬಾಂಡ್ ರೈಟರ್